ಮೇಷ್ಟ್ರು ತಿದ್ದಿಕೊಂಡ ಪಾಠ

ವಿಮಾನಯಾನ ಎಂದೊಡನೆ ಜನರ ಕಣ್ಣು ಆಕಾಶದ ಕಡೆಗೆ ಹೋಗುತ್ತದೆ. ಮೋಡದ ಮೇಲೆ ವಿಮಾನವನ್ನು ಒಯ್ಯುವ ಪೈಲಟ್ಟರನ್ನು ಲೋಕ ಬಲ್ಲದು. ಆದರೆ ಅದೇ ವಿಮಾನದ ಇಂಜಿನ್ನನ್ನು ನೆಲದ ಮೇಲೆ ನಿದ್ದೆಯಿಂದ ಎಬ್ಬಿಸಿ, ಅದರ ಆರೋಗ್ಯವನ್ನು ಪರೀಕ್ಷಿಸಿ, ಮತ್ತೆ ನೋವಾಗದಂತೆ ಮಲಗಿಸುವ ವಿದ್ಯೆಯೊಂದಿದೆಯೆಂದೂ, ಆ ವಿದ್ಯೆಗೂ ಗುರುಪರಂಪರೆಯಿದೆಯೆಂದೂ ಬಲ್ಲವರು ವಿರಳ. ಆ ಪರಂಪರೆಯಲ್ಲಿ ನಮ್ಮ ಕಾಲಕ್ಕೆ ಅಗ್ರಗಣ್ಯರೆನಿಸಿದ, ನಮ್ಮ ಹ್ಯಾಂಗರಿನ ತಂತ್ರಜ್ಞರಲ್ಲಿ ಮುಕ್ಕಾಲು ಪಾಲು ಜನಕ್ಕೆ ಕೈಹಿಡಿದು ಕಲಿಸಿದ, ಚಿಕ್ಕವರು ದೊಡ್ಡವರೆನ್ನದೆ ಎಲ್ಲರ ಬಾಯಲ್ಲೂ 'ಆರಲಿ ಮೇಷ್ಟ್ರು' ಎಂದೇ ಹೆಸರಾದ ಹಿರಿಯರು ಈಗ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರ ಶಿಷ್ಯೆಯಾಗಿ, ಈಗ ಅವರ ಕುರ್ಚಿಯಲ್ಲಿ ಕೂರಬೇಕಾಗಿ ಬಂದಿರುವವಳಾಗಿ, ಈ ಅಭಿನಂದನ ಗ್ರಂಥಕ್ಕೆ ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಗಿದೆ.

ಸಂಪಾದಕ ಮಂಡಳಿಯವರು ನನಗೆ ಒಪ್ಪಿಸಿದ ವಿಷಯ 'ಶಿಸ್ತಿನ ಸಾಕಾರಮೂರ್ತಿ' ಎಂಬುದು. ವಿಷಯ ಚೆನ್ನಾಗಿಯೇ ಇದೆ. ಆದರೆ ಇಂಥ ಗ್ರಂಥಗಳಲ್ಲಿ ನಿವೃತ್ತರಾದವರೆಲ್ಲರೂ ಶಿಸ್ತಿನ ಸಾಕಾರಮೂರ್ತಿಗಳೇ ಆಗಿರುತ್ತಾರೆ. ಹಾಗೆ ನೋಡಿದರೆ ಶಿಸ್ತು ತಪ್ಪಿದವರು ನಿವೃತ್ತರೇ ಆಗುವುದಿಲ್ಲವೇನೋ ಎಂಬ ಅನುಮಾನ ಬರುತ್ತದೆ. ಏನು ಬರೆಯಬೇಕೆಂದು ತೋಚದೆ ಮೇಷ್ಟ್ರನ್ನೇ ಕೇಳಲು ಹೋದೆ. ಅವರು ತರಬೇತಿ ಕೋಣೆಯಲ್ಲಿ ತಮ್ಮ ಮೇಜನ್ನು ಖಾಲಿ ಮಾಡುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

"ಬರೆಯೋದಾದ್ರೆ ಆ ವಿಷಯಾನೇ ಬರಿ. ಹೊಗಳೋಕೆ ಬೇರೆಯವರು ಇದಾರೆ."

"ಯಾವ ವಿಷಯ ಸರ್?"

"ನಿಮ್ಮಪ್ಪನ ವಿಷಯ."

ಮಂಡಳಿಯ ಹಿರಿಯ ಸದಸ್ಯರೊಬ್ಬರು ಇದನ್ನು ಕೇಳಿ ಗಾಬರಿಯಾದರು. ಅಭಿನಂದನ ಗ್ರಂಥದಲ್ಲಿ ತಪ್ಪಿನ ಕಥೆ ಬರೆಯುವುದು ಔಚಿತ್ಯವಲ್ಲ, ಬೇಕಾದರೆ ಎಲ್ಲೋ ಒಂದು ಕಡೆ ಸೂಚ್ಯವಾಗಿ ಹೇಳಿ ಮುಂದೆ ಹೋಗಬಹುದು ಎಂದರು. ಅವರ ಕಾಳಜಿಗೆ ಕೃತಜ್ಞಳು. ಆದರೆ ಮೇಷ್ಟ್ರ ಮಾತನ್ನು ಮೀರುವ ಅಭ್ಯಾಸ ನನಗಿಲ್ಲವಾದ್ದರಿಂದ ಆ ಕಥೆಯನ್ನೇ ಬರೆಯುತ್ತಿದ್ದೇನೆ. ನನ್ನ ಮಟ್ಟಿಗೆ ಅವರ ಇಡೀ ಸೇವೆಯಲ್ಲಿ ಅದಕ್ಕಿಂತ ದೊಡ್ಡ ಸಾಧನೆ ಬೇರೆಯಿಲ್ಲ.

ಮೇಷ್ಟ್ರು ಸೇವೆಗೆ ಸೇರಿದ್ದು ಸಾಮಾನ್ಯ ಮೆಕ್ಯಾನಿಕ್ ಆಗಿ. ಆಗ ನಮ್ಮಲ್ಲಿದ್ದವು ಹಳೆಯ ಕಾಲದ ಇಂಜಿನ್ನುಗಳು; ಗಿಡ್ಡ, ದಪ್ಪ, ಒರಟು. ಅವುಗಳನ್ನು ಸ್ಟಾರ್ಟ್ ಮಾಡುವುದನ್ನು ಅವರಿಗೆ ಕಲಿಸಿದವರು ಒಬ್ಬ ಹಿರಿಯ ಫೋರ್‌ಮನ್. ಮೊದಲು ಗಾಳಿಯ ಬಲದಿಂದ ಇಂಜಿನ್ನಿನ ಒಳಗಿನ ರೋಟರನ್ನು, ಅಂದರೆ ಬ್ಲೇಡುಗಳನ್ನು ಹೊತ್ತು ತಿರುಗುವ ಉದ್ದನೆಯ ಅಚ್ಚನ್ನು, ತಿರುಗಿಸಬೇಕು. ಅದು ಸಾಕಷ್ಟು ವೇಗ ಹಿಡಿದ ಮೇಲೆ ಲಿವರ್ ಎತ್ತಿ ಇಂಧನ ಬಿಡಬೇಕು. ಬೆಂಕಿ ಹತ್ತಿದ ಕೂಡಲೇ ಶಾಖದ ಮುಳ್ಳಿನ ಮೇಲೆ ಕಣ್ಣು ನೆಡಬೇಕು. ಇಂಜಿನ್ ತನ್ನ ಕಾಲ ಮೇಲೆ ತಾನು ನಿಲ್ಲುವವರೆಗೂ ಆ ಲಿವರಿನಿಂದ ಕೈ ತೆಗೆಯಬಾರದು. ಮುಳ್ಳು ಮಿತಿ ಮೀರಿ ಏರಿದರೆ ಯೋಚಿಸುವುದಕ್ಕೆ ಸಮಯವಿರುವುದಿಲ್ಲ, ಇಂಧನ ಕಡಿದುಬಿಡಬೇಕು. ಈ ಪಾಠವನ್ನು ಫೋರ್‌ಮನ್ನರು ಬಾಯಲ್ಲಿ ಹೇಳಿದ್ದು ಕಡಿಮೆ. ಕೈ ತೆಗೆದವರ ಕೈಮೇಲೆ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟುತ್ತಿದ್ದರಂತೆ. 'ಮೆಲ್ಲಗೆ' ಎಂಬುದು ಮೇಷ್ಟ್ರ ಮಾತು. ಅವರ ಬಲಗೈಯ ಬೆರಳಿನ ಗಂಟು ನೋಡಿದವರು ಬೇರೆಯೇ ಹೇಳುತ್ತಾರೆ.

ಎಬ್ಬಿಸುವುದಕ್ಕಿಂತ ಮಲಗಿಸುವುದರಲ್ಲಿ ಮೇಷ್ಟ್ರಿಗೆ ಹೆಚ್ಚು ಶ್ರದ್ಧೆ. ಪೂರ್ತಿ ಬಲದಲ್ಲಿ ಓಡಿದ ಇಂಜಿನ್ನನ್ನು ಥಟ್ಟನೆ ನಿಲ್ಲಿಸಿದರೆ ಹೊರಗಿನ ತೆಳು ಕವಚ ಬೇಗ ಆರಿ ಕುಗ್ಗುತ್ತದೆ, ಒಳಗಿನ ರೋಟರ್ ಮಾತ್ರ ಇನ್ನೂ ಬಿಸಿಯಿಂದ ಉಬ್ಬಿಕೊಂಡೇ ಇರುತ್ತದೆ. ಬ್ಲೇಡುಗಳ ತುದಿ ಕವಚಕ್ಕೆ ಉಜ್ಜುತ್ತದೆ. ಆದ್ದರಿಂದ ನಿಲ್ಲಿಸುವ ಮುನ್ನ ಕೆಲವು ನಿಮಿಷ ಅದನ್ನು ಕನಿಷ್ಠ ವೇಗದಲ್ಲಿ ಬಿಡಬೇಕು, ಒಳಗೂ ಹೊರಗೂ ಶಾಖ ಸಮವಾಗಬೇಕು. ಅವಸರದ ಅಧಿಕಾರಿಗಳು ಬಂದು "ಇನ್ನೂ ಎಷ್ಟು ಹೊತ್ತು?" ಎಂದು ಕೇಳಿದಾಗಲೆಲ್ಲ ಮೇಷ್ಟ್ರ ಉತ್ತರ ಒಂದೇ: "ಆರಲಿ." ಮ್ಯಾನೇಜರು ಕೇಳಿದರೂ ಆರಲಿ, ಮಂತ್ರಿಯ ಕಡೆಯವರು ಕೇಳಿದರೂ ಆರಲಿ. ಕ್ಯಾಂಟೀನಿನಲ್ಲಿ ಅವರಿಗೆ ಚಹಾ ಕೊಡುವಾಗ ಹುಡುಗರು "ಆರಲಿ ಸರ್" ಎಂದು ಕಿಚಾಯಿಸುತ್ತಿದ್ದರಂತೆ. ಹಾಗೆ ಬಂದ ಹೆಸರು ಅದು. ತಾಳಿದವನು ಬಾಳಿಯಾನು ಎಂಬುದಕ್ಕೆ ಅವರನ್ನು ಉದಾಹರಣೆ ಕೊಟ್ಟು ಈ ಗ್ರಂಥದಲ್ಲಿ ಕನಿಷ್ಠ ನಾಲ್ವರಾದರೂ ಬರೆದಿರುತ್ತಾರೆ, ಹಾಗಾಗಿ ನಾನು ಬಿಡುತ್ತೇನೆ.

ತರಬೇತಿ ವಿಭಾಗದ ಹೊಣೆ ಅವರಿಗೆ ಬಂದ ಮೇಲೆ ನಡೆದ ಒಂದು ಸಂಗತಿಯನ್ನು ಮಾತ್ರ ಬಿಡಲಾರೆ. ಇಂಜಿನ್ ಸ್ಟಾರ್ಟ್ ಮಾಡುವಾಗ ಕಾಕ್‌ಪಿಟ್ಟಿನಲ್ಲಿ ಕೂತವರಿಗೆ ಇಂಜಿನ್ ಕಾಣುವುದಿಲ್ಲ. ಕೆಳಗೆ ನಿಂತವನೊಬ್ಬ ಹೆಡ್‌ಸೆಟ್ ಹಾಕಿಕೊಂಡು ಕಂಡದ್ದನ್ನು ಹೇಳುತ್ತಿರುತ್ತಾನೆ. ಆ ಕೆಲಸಕ್ಕೆ ಬಂದ ಮೆಕ್ಯಾನಿಕ್ ಒಬ್ಬರಿಗೆ ಮಾತು ತೊದಲುತ್ತಿತ್ತು. 'ಎಲ್ಲ ಸರಿಯಿದೆ' ಎಂದು ಹೇಳಿ ಮುಗಿಸುವಷ್ಟರಲ್ಲಿ ಕಾಕ್‌ಪಿಟ್ಟಿನವರು ನಗುತ್ತಿದ್ದರು, ಅವರನ್ನು ಗೋದಾಮಿಗೆ ಹಾಕಬೇಕೆಂದು ಮಾತೂ ನಡೆದಿತ್ತು. ಮೇಷ್ಟ್ರು ಒಂದು ನಿಯಮ ತಂದರು. ಕೆಳಗಿನವನ ಮಾತು ಪೂರ್ತಿ ಮುಗಿಯುವವರೆಗೆ ಮೇಲಿನವನು ಸ್ಟಾರ್ಟರಿಗೆ ಕೈ ಹಚ್ಚಬಾರದು, ಮಧ್ಯೆ ಬಾಯಿ ಹಾಕಬಾರದು, ಅವನ ವಾಕ್ಯವನ್ನು ತಾನು ಪೂರೈಸಬಾರದು. ನಿಯಮ ಎಲ್ಲರಿಗೂ ಅನ್ವಯಿಸುವಂತೆ ಇತ್ತು, ಯಾರಿಗಾಗಿ ಬಂತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆ ಮೆಕ್ಯಾನಿಕ್ ನಿವೃತ್ತರಾಗುವವರೆಗೂ ಅದೇ ಹೆಡ್‌ಸೆಟ್ಟಿನಲ್ಲಿ ಮಾತಾಡಿದರು. ಇಂದಿಗೂ ನಮ್ಮಲ್ಲಿ ಆ ನಿಯಮ ನಡೆಯುತ್ತಿದೆ, ಅದರಿಂದ ತಪ್ಪಿದ ಅನಾಹುತಗಳೂ ಕೆಲವಿವೆ.

ಇನ್ನು ನನ್ನ ತಂದೆಯ ವಿಷಯ. ಅವರು ಇಂಜಿನ್ ಶಾಪಿನಲ್ಲಿ ಬ್ಯಾಲೆನ್ಸಿಂಗ್ ಕೆಲಸ ಮಾಡುತ್ತಿದ್ದರು. ಬಿಚ್ಚಿ ರಿಪೇರಿ ಮಾಡಿದ ರೋಟರನ್ನು ಯಂತ್ರದ ಮೇಲೇರಿಸಿ ತಿರುಗಿಸಿ, ಯಾವ ಕಡೆ ಕೂದಲೆಳೆಯಷ್ಟು ಭಾರ ಹೆಚ್ಚಿದೆಯೆಂದು ನೋಡಿ, ಚಿಕ್ಕ ಚಿಕ್ಕ ತೂಕಗಳನ್ನು ಕೂಡಿಸಿ ಕಳೆದು ಸಮ ಮಾಡುವುದು ಅವರ ಕೆಲಸ. ಹ್ಯಾಂಗರಿನಲ್ಲಿ ಅವರನ್ನು 'ತಕ್ಕಡಿ' ಎನ್ನುತ್ತಿದ್ದರು. ಮನೆಯಲ್ಲಿ ಅಮ್ಮನೂ ಸಿಟ್ಟು ಬಂದಾಗ ಅದೇ ಹೆಸರಿನಿಂದ ಕರೆಯುತ್ತಿದ್ದಳು, ಏಕೆಂದರೆ ನನಗೂ ನನ್ನ ತಂಗಿಗೂ ಏನೇ ಹಂಚಿದರೂ ಅಪ್ಪ ಕಣ್ಣು ಕಿರಿದು ಮಾಡಿ ನೋಡಿ ಮತ್ತೊಮ್ಮೆ ಹಂಚುತ್ತಿದ್ದರು. ಮೇಷ್ಟ್ರ ಬಗ್ಗೆ ಅವರಿಗೆ ಎಲ್ಲಿಲ್ಲದ ಗೌರವ. "ನಾನು ಎಷ್ಟೇ ಚೆನ್ನಾಗಿ ತೂಗಿ ಕೊಟ್ರೂ ಎಬ್ಬಿಸೋನ ಕೈ ಒರಟಾಗಿದ್ರೆ ಏನು ಪ್ರಯೋಜನ? ಅವರ ಕೈಯಲ್ಲಿ ಇಂಜಿನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಏಳುತ್ತೆ," ಎನ್ನುತ್ತಿದ್ದರು.

ಅದೇ ಕಾಲಕ್ಕೆ ನಮ್ಮ ಸಂಸ್ಥೆಗೆ ಹೊಸ ವಿಮಾನಗಳು ಬಂದವು. ಅವುಗಳ ಇಂಜಿನ್ನುಗಳು ದೊಡ್ಡವು, ರೋಟರುಗಳು ಹಳೆಯವಕ್ಕಿಂತ ಬಹಳ ಉದ್ದ, ಬ್ಲೇಡಿನ ತುದಿಗೂ ಕವಚಕ್ಕೂ ನಡುವೆ ಇದ್ದ ಸಂದು ಬಹಳ ಸಣ್ಣದು. ತಯಾರಕರ ಪುಸ್ತಕದಲ್ಲಿ ಒಂದು ಸೂಚನೆ ಇತ್ತು: ಬಿಸಿ ಇಂಜಿನ್ನನ್ನು ನಿಲ್ಲಿಸಿ, ಅದು ಪೂರ್ತಿ ತಣ್ಣಗಾಗುವ ಮುನ್ನ ಮತ್ತೆ ಸ್ಟಾರ್ಟ್ ಮಾಡುವುದಾದರೆ, ಇಂಧನ ಬಿಡುವ ಮೊದಲು ಬರೀ ಗಾಳಿಯಿಂದ ಸಾಕಷ್ಟು ಹೊತ್ತು ತಿರುಗಿಸತಕ್ಕದ್ದು. ಮೇಷ್ಟ್ರು ಅದನ್ನು ಓದಿದ್ದರು. ಓದಿ, ಅದು ಅವಸರದಲ್ಲಿ ನಿಲ್ಲಿಸುವ ಒರಟರಿಗಾಗಿ ಬರೆದ ಮಾತು ಎಂದು ಬಗೆದರು. ಅವರು ಪ್ರತಿ ತಂಡಕ್ಕೂ ಹೇಳುತ್ತಿದ್ದ ಪಾಠವೇ ಹಾಗಿತ್ತು: "ಆರಿಸಿ ನಿಲ್ಲಿಸಿದ ಇಂಜಿನ್ನನ್ನ ಯಾವಾಗ ಬೇಕಾದ್ರೂ ಎಬ್ಬಿಸಬಹುದು." ಗಿಡ್ಡ ಇಂಜಿನ್ನುಗಳ ಮೇಲೆ ವರ್ಷಾನುಗಟ್ಟಲೆ ಈ ಮಾತು ಸುಳ್ಳಾಗಿರಲಿಲ್ಲ. ನಮ್ಮ ಹ್ಯಾಂಗರಿನಲ್ಲಿ ಪುಸ್ತಕದ ಮಾತಿಗೂ ಮೇಷ್ಟ್ರ ಮಾತಿಗೂ ಭಿನ್ನಾಭಿಪ್ರಾಯ ಬಂದರೆ ಜನ ಪುಸ್ತಕವನ್ನು ಮುಚ್ಚಿಡುತ್ತಿದ್ದರು.

ಒಂದು ದಿನ ರಿಪೇರಿಯಾಗಿ ಹೊಸದಾಗಿ ಕೂರಿಸಿದ ಇಂಜಿನ್ ಒಂದರ ಪರೀಕ್ಷೆಗೆ ಮೇಷ್ಟ್ರೇ ಕೂತರು. ಪೂರ್ತಿ ಬಲಕ್ಕೆ ಏರಿಸಿ ನೋಡಿ, ತಮ್ಮ ಪದ್ಧತಿಯಂತೆ ಚೆನ್ನಾಗಿ ಆರಿಸಿ ನಿಲ್ಲಿಸಿದರು. ಕೆಳಗೆ ಒಂದು ಪೈಪಿನಿಂದ ಎಣ್ಣೆ ಜಿನುಗುತ್ತಿದ್ದುದನ್ನು ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ನೋಡೋಣವೆಂದು ಸ್ಟಾರ್ಟ್ ಮಾಡಿದರು. ಇಂಜಿನ್ ಬೆಂಕಿ ಹಿಡಿದು ವೇಗವೇರುತ್ತಿದ್ದಂತೆ ವಿಮಾನದ ಮೈಯೆಲ್ಲ ನಡುಗತೊಡಗಿತು. ಲಿವರಿನ ಮೇಲೇ ಕೈಯಿದ್ದ ಮೇಷ್ಟ್ರು ತಕ್ಷಣ ಇಂಧನ ಕಡಿದರು. ಅಷ್ಟರಲ್ಲಿ ಬ್ಲೇಡುಗಳ ತುದಿ ಕವಚವನ್ನು ಉಜ್ಜಿ ಆಗಿತ್ತು. ಕೋಟ್ಯಂತರ ಬೆಲೆಯ ಇಂಜಿನ್ ಮತ್ತೆ ಬಿಚ್ಚಬೇಕಾಗಿ ಬಂತು. ತನಿಖೆ ಕೂತಿತು. ನಡುಕ ಬಂದರೆ ಮೊದಲ ಅನುಮಾನ ಬ್ಯಾಲೆನ್ಸಿಂಗ್ ಮೇಲೆ. ಆ ರೋಟರನ್ನು ತೂಗಿದವರು ನನ್ನ ತಂದೆ.

ತನಿಖೆಯವರು ಮೇಷ್ಟ್ರನ್ನು ಕರೆದು ಕೇಳಿದರು, ಸ್ಟಾರ್ಟ್ ಮಾಡಿದ ರೀತಿಯಲ್ಲಿ ಏನಾದರೂ ಲೋಪವಿರಬಹುದೇ ಎಂದು. ಮೇಷ್ಟ್ರು ಯಾವ ದುರುದ್ದೇಶವೂ ಇಲ್ಲದೆ, ತಮಗೆ ನಿಜವೆಂದು ತೋರಿದ್ದನ್ನೇ ಹೇಳಿದರು: "ನಾನು ಆರಿಸಿಯೇ ನಿಲ್ಲಿಸಿದ್ದೆ. ಸ್ಟಾರ್ಟ್‌ನಲ್ಲಿ ತಪ್ಪಿಲ್ಲ." ಅವರ ಮಾತಿನ ತೂಕ ಎಷ್ಟಿತ್ತೆಂದರೆ ಮುಂದೆ ಯಾರೂ ಏನೂ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬಂತೆ, ಅಪ್ಪ ಸಸ್ಪೆಂಡ್ ಆಗಿ ಮನೆಗೆ ಬಂದರು. ಅಂತಿಮ ತೀರ್ಮಾನ ಬರುವವರೆಗೆ ಹ್ಯಾಂಗರಿನ ಗೇಟು ದಾಟುವಂತಿರಲಿಲ್ಲ. ತೀರ್ಮಾನ ಏನಿರಬಹುದೆಂದು ಎಲ್ಲರಿಗೂ ಗೊತ್ತಿತ್ತು.

ಆ ದಿನಗಳಲ್ಲಿ ಅಪ್ಪ ಮನೆಯಲ್ಲಿ ಏನು ಮಾಡಿದರೆಂಬುದನ್ನು ನಾನು ಕಣ್ಣಾರೆ ಕಂಡವಳು. ಮೊದಲ ಕೆಲವು ದಿನ ಗೋಡೆ ನೋಡುತ್ತ ಕೂತಿದ್ದರು. ಆಮೇಲೆ ಒಂದು ಬೆಳಗ್ಗೆ ಸ್ಟೂಲು ಹತ್ತಿ ನಡುಮನೆಯ ಫ್ಯಾನನ್ನು ಬಿಚ್ಚಿದರು. ಅದು ಗಟಗಟ ಸದ್ದು ಮಾಡುತ್ತ ವರ್ಷಗಳಿಂದ ತಿರುಗುತ್ತಿತ್ತು, ನಮಗೆ ಅದು ಅಭ್ಯಾಸವಾಗಿತ್ತು. ಅದರ ಒಂದೊಂದು ರೆಕ್ಕೆಗೂ ಮೇಣದ ಚೂರು ಅಂಟಿಸಿ, ತಿರುಗಿಸಿ, ನಿಲ್ಲಿಸಿ, ಮತ್ತೆ ಮೇಣ ಕೆರೆದು, ಹೀಗೆ ಸದ್ದಡಗುವವರೆಗೆ ಬಿಡಲಿಲ್ಲ. ನಮ್ಮ ಮನೆಯ ಫ್ಯಾನುಗಳು ಮುಗಿದ ಮೇಲೆ ಪಕ್ಕದ ಮನೆಯವರದು, ಅವರದಾದ ಮೇಲೆ ಎದುರು ಮನೆಯವರದು. ನಮ್ಮ ಬೀದಿಯ ಫ್ಯಾನುಗಳೆಲ್ಲ ಸದ್ದಿಲ್ಲದೆ ತಿರುಗತೊಡಗಿದವು. ಜನ ಬಂದು ಹೊಗಳಿದರು. ಅಪ್ಪನ ಮುಖ ಮಾತ್ರ ಒಂದು ಫ್ಯಾನು ಸರಿಯಾದಾಗಲೂ ಅರಳಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ನನಗೆ ಮೆಲ್ಲಗೆ ಹೇಳಿದಳು, "ಸುಮ್ನೆ ಬಿಡು, ಏನಾದ್ರೂ ಮಾಡ್ಕೊಂಡಿರ್ಲಿ. ಕೈ ಖಾಲಿ ಇದ್ರೆ ತಲೆ ಕೆಡುತ್ತೆ."

ಅಪ್ಪ ಮನೆಯಲ್ಲಿದ್ದಾಗಲೇ ಒಂದು ಸಂಜೆ ಹ್ಯಾಂಗರಿನಲ್ಲಿ ಇನ್ನೊಂದು ಇಂಜಿನ್, ಓಡಿಸಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದಾಗ, ಹಾಗೆಯೇ ನಡುಗಿತು. ಅದನ್ನು ತೂಗಿದವರು ಬೇರೆಯವರು. ಹಾನಿಯಾಗುವ ಮೊದಲೇ ನಿಲ್ಲಿಸಿದ್ದರಿಂದ ದೊಡ್ಡ ಸುದ್ದಿಯಾಗಲಿಲ್ಲ. ಅದಕ್ಕೂ ಬ್ಯಾಲೆನ್ಸಿಂಗ್ ದೋಷವೆಂದೇ ಚೀಟಿ ಅಂಟಿಸಿದರು. ಆದರೆ ಮೇಷ್ಟ್ರು ಆ ವಿಮಾನದ ಹತ್ತಿರ ಬಹಳ ಹೊತ್ತು ನಿಂತಿದ್ದರೆಂದು ಅಲ್ಲಿದ್ದವರು ಹೇಳುತ್ತಾರೆ. ಮರುದಿನ ಬೆಳಗ್ಗೆ ಅದೇ ಇಂಜಿನ್ನನ್ನು ಯಾರೂ ಮುಟ್ಟುವ ಮೊದಲು ತಾವೇ ಹೋಗಿ ಸ್ಟಾರ್ಟ್ ಮಾಡಿದರು. ಅದು ಒಂದಿಷ್ಟೂ ನಡುಗದೆ ಎದ್ದಿತು. ತೂಕ ತಪ್ಪಿದ ರೋಟರ್ ಸಂಜೆಗೊಂದು ಬೆಳಗ್ಗೆಗೊಂದು ತೂಕ ತೋರಿಸುವುದಿಲ್ಲ. ತಪ್ಪಿದ್ದರೆ ಯಾವಾಗಲೂ ತಪ್ಪಿರಬೇಕು. ಹಾಗಾದರೆ ಬಿಸಿಯಾಗಿ ನಿಂತ ಮೇಲೆ, ತಣ್ಣಗಾಗುವ ಮೊದಲು, ಒಳಗೆ ಏನೋ ಆಗುತ್ತಿರಬೇಕು. ಮೇಷ್ಟ್ರು ತರಬೇತಿ ಕೋಣೆಗೆ ಹೋಗಿ ಪುಸ್ತಕದ ಆ ಸೂಚನೆಯನ್ನು ಮತ್ತೆ ಓದಿದರು. ಈ ಸಲ ತಮಗಾಗಿ ಬರೆದದ್ದೆಂದು ಓದಿದರು.

ವಿಷಯ ಇಷ್ಟೇ. ನಿಂತ ಇಂಜಿನ್ನಿನ ಒಳಗೆ ಉಳಿದ ಶಾಖ ಸುಮ್ಮನಿರುವುದಿಲ್ಲ. ಬಿಸಿ ಗಾಳಿ ಮೇಲಕ್ಕೇರುತ್ತದೆ. ರೋಟರಿನ ಮೇಲುಭಾಗ ಬಿಸಿಯಾಗಿಯೂ ಕೆಳಭಾಗ ತಣ್ಣಗೂ ಆದಾಗ ಆ ಉದ್ದನೆಯ ರೋಟರ್ ಬಿಸಿ ಒಲೆಯ ಮೇಲಿಟ್ಟ ತೆಳು ತಟ್ಟೆಯ ಹಾಗೆ ಬೆನ್ನು ಎತ್ತುತ್ತದೆ. ಹಲವು ಗಂಟೆ ಬಿಟ್ಟರೆ ತಾನೇ ನೆಟ್ಟಗಾಗುತ್ತದೆ. ಅಥವಾ ಇಂಧನವಿಲ್ಲದೆ ಗಾಳಿಯಲ್ಲಿ ತಿರುಗಿಸುತ್ತಿದ್ದರೆ ಶಾಖ ಸುತ್ತಲೂ ಸಮವಾಗಿ ನೆಟ್ಟಗಾಗುತ್ತದೆ. ಎರಡನ್ನೂ ಮಾಡದೆ ಬೆಂಕಿ ಹಚ್ಚಿದರೆ ಡೊಂಕಾದ ರೋಟರೇ ಓಡುತ್ತದೆ. ನಿಲ್ಲಿಸುವ ಮುನ್ನ ಎಷ್ಟೇ ಆರಿಸಿದರೂ ಇದು ತಪ್ಪುವುದಿಲ್ಲ. ಮೇಷ್ಟ್ರು ಜೀವಮಾನವಿಡೀ ನಂಬಿದ, ನಂಬಿಸಿದ ಮಾತಿನಲ್ಲಿ ಅರ್ಧ ಮಾತ್ರ ಸತ್ಯವಿತ್ತು. ಆನೆಯಂಥದ್ದೂ ಮುಗ್ಗರಿಸುತ್ತದೆ, ಆದರೆ ಈ ಆನೆ ಮುಗ್ಗರಿಸಿದ್ದು ಇನ್ನೊಬ್ಬರ ಮನೆಯ ಮೇಲೆ.

ಅಂದು ಸಂಜೆ ಅವರು ನಮ್ಮ ಮನೆಗೆ ಬಂದರು. ಬಾಗಿಲು ತೆಗೆದವಳು ಅಮ್ಮ. ಅವಳು ಸಾಮಾನ್ಯವಾಗಿ ಮನೆಗೆ ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸಿಕೊಳ್ಳುವವಳಲ್ಲ, ಆ ದಿನ ನಿಲ್ಲಿಸಿಕೊಂಡೇ ಕೇಳಿದಳು, "ಏನು ಮೇಷ್ಟ್ರೇ, ಇನ್ನೂ ಏನಾದ್ರೂ ಹೇಳೋದು ಬಾಕಿ ಇತ್ತಾ?"

"ಇದೆ ತಾಯಿ. ನಾನು ಹೇಳಿದ್ದು ತಪ್ಪು ಅಂತ ಹೇಳೋದು ಬಾಕಿ ಇದೆ."

ಅಮ್ಮ ದಾರಿ ಬಿಟ್ಟಳು. ಅಪ್ಪ ನೆಲದ ಮೇಲೆ ಯಾರದೋ ಫ್ಯಾನಿನ ರೆಕ್ಕೆಗಳನ್ನು ಹರಡಿಕೊಂಡು ಕೂತಿದ್ದರು. ಏಳಲು ಹೋದವರನ್ನು ತಡೆದು ಮೇಷ್ಟ್ರೂ ಅಲ್ಲೇ ನೆಲದ ಮೇಲೆ ಕೂತರು. ಇಂಜಿನ್ ಬೆಳಗ್ಗೆ ಹೇಗೆ ಎದ್ದಿತು, ರೋಟರ್ ಹೇಗೆ ಡೊಂಕಾಗುತ್ತದೆ, ಪುಸ್ತಕದಲ್ಲಿ ಏನಿತ್ತು, ತಾವು ಅದನ್ನು ಹೇಗೆ ಉಪೇಕ್ಷಿಸಿದ್ದರು, ಒಂದನ್ನೂ ಬಿಡದೆ ಹೇಳಿದರು. "ನಿಮ್ಮ ರೋಟರ್ ಸರಿಯಾಗೇ ಇತ್ತು. ಹಾಳು ಮಾಡಿದ್ದು ನಾನು," ಎಂದರು.

ಅಪ್ಪ ಕೈಯಲ್ಲಿದ್ದ ರೆಕ್ಕೆಯನ್ನು ಕೆಳಗಿಟ್ಟರು. ಅವರು ಸಿಟ್ಟಾಗುತ್ತಾರೆಂದು ನಾನು ಕಾದೆ. ನಿಜ ಹೇಳಬೇಕೆಂದರೆ, ಸಿಟ್ಟಾಗಲಿ ಎಂದು ಬಯಸಿದೆ. ಕೊನೆಗೆ ಅವರು ಆಡಿದ ಮಾತು ನನಗೆ ಇಂದಿಗೂ ಕಿವಿಯಲ್ಲಿದೆ.

"ನನ್ನ ಕೆಲಸ ಸರಿ ಇತ್ತು ಅಂತ ನನಗೆ ಮೊದಲೇ ಗೊತ್ತಿತ್ತು ಅಂತ ನಿಮಗೆ ಹೇಳಬೇಕು ಅಂತ ಆಸೆ. ಆದ್ರೆ ಗೊತ್ತಿರಲಿಲ್ಲ ಮೇಷ್ಟ್ರೇ. ಸ್ಟಾರ್ಟ್‌ನಲ್ಲಿ ತಪ್ಪಿಲ್ಲ ಅಂತ ನೀವು ಹೇಳಿದ್ರಿ. ನೀವು ಹೇಳಿದ್ಮೇಲೆ ನಾನೇ ಎಲ್ಲೋ ತಪ್ಪಿರಬೇಕು ಅಂದ್ಕೊಂಡೆ. ಅದಕ್ಕೇ ಈ ಫ್ಯಾನುಗಳು. ನನ್ನ ಕೈ ಇನ್ನೂ ನನ್ನ ಮಾತು ಕೇಳುತ್ತಾ ಅಂತ ನೋಡ್ತಾ ಇದ್ದೆ."

ಮೇಷ್ಟ್ರು ಕಣ್ಣೀರು ಹಾಕಿದ್ದನ್ನು ಕಂಡವರು ನಮ್ಮ ಹ್ಯಾಂಗರಿನಲ್ಲಿ ಯಾರೂ ಇಲ್ಲ. ನಾನು ಕಂಡಿದ್ದೇನೆ. ಅದನ್ನು ಬರೆಯಲು ಅವರು ಅನುಮತಿ ಕೊಟ್ಟಿಲ್ಲ, ನಾನು ಕೇಳಿಯೂ ಇಲ್ಲ.

ಮುಂದೆ ಚೀಫ್ ಇಂಜಿನಿಯರರ ಕೋಣೆಯಲ್ಲಿ ನಡೆದದ್ದನ್ನು ಆ ಮಹನೀಯರೇ ತಮ್ಮ ಬೀಳ್ಕೊಡುಗೆಯ ದಿನ ಸಭೆಯಲ್ಲಿ ಹೇಳಿದರು. ಮೇಷ್ಟ್ರು ಎಲ್ಲವನ್ನೂ ಅವರ ಮುಂದಿಟ್ಟು, ನಂಬಿಕೆ ಬರದಿದ್ದರೆ ಮಾಡಿ ತೋರಿಸುತ್ತೇನೆ ಎಂದರು. ಇಂಜಿನ್ನುಗಳನ್ನು ಪರೀಕ್ಷಿಸುವ ರನ್-ಅಪ್ ಜಾಗದಲ್ಲಿ, ಚೀಫ್ ಇಂಜಿನಿಯರರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಇಂಜಿನ್ನನ್ನು ಓಡಿಸಿ, ತಮ್ಮ ಹಳೆಯ ಪದ್ಧತಿಯಂತೆ ನಿಷ್ಠೆಯಿಂದ ಆರಿಸಿ ನಿಲ್ಲಿಸಿದರು. ಶಾಖ ಮೇಲೇರುವಷ್ಟು ಹೊತ್ತು ಕಾದು ಸ್ಟಾರ್ಟ್ ಮಾಡಿದರು. ನಡುಕದ ಮುಳ್ಳು ಏರಲಾರಂಭಿಸಿದ ಕೂಡಲೇ, ಹಾನಿಯಾಗುವ ಮೊದಲೇ, ಇಂಧನ ಕಡಿದರು. ಆಮೇಲೆ ಇಂಧನವಿಲ್ಲದೆ, ಸ್ಟಾರ್ಟರಿಗೂ ನಡುನಡುವೆ ಆರಲು ಬಿಡುತ್ತ, ಗಾಳಿಯಲ್ಲಿ ತಿರುಗಿಸುತ್ತಲೇ ಇದ್ದರು. ಮುಳ್ಳು ಇಳಿದು ಇಳಿದು ನಿಂತಿತು. ಆಗ ಬೆಂಕಿ ಹಚ್ಚಿದರು. ಇಂಜಿನ್ ಸದ್ದು ಮಾತ್ರ ಕೇಳಿಸುವಷ್ಟು ಸಮಾಧಾನದಿಂದ ಎದ್ದಿತು.

ಚೀಫ್ ಇಂಜಿನಿಯರರು ಒಳ್ಳೆಯವರು, ಮೇಷ್ಟ್ರನ್ನು ಕಳೆದುಕೊಳ್ಳಲು ಅವರಿಗೆ ಇಷ್ಟವಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಒಂದು ದಾರಿ ಹುಡುಕಿದರು. "ಕಾರಣ ತಿಳಿದುಬಂದಿಲ್ಲ ಅಂತ ತನಿಖೆ ಮುಗಿಸೋಣ. ಅವರನ್ನ ವಾಪಸ್ ತಗೊಳ್ಳೋಣ. ನಿಮ್ಮ ಹೆಸರು ಎಲ್ಲೂ ಬರಲ್ಲ," ಎಂದರು.

"ಕಾರಣ ತಿಳಿದಿಲ್ಲ ಅಂದ್ರೆ ಜನ ಅವರ ಹೆಸರನ್ನೇ ಕಾರಣ ಅಂತ ತಿಳ್ಕೋತಾರೆ ಸರ್. ನನ್ನ ಹೆಸರು ಬರಲೇಬೇಕು."

"ತರಬೇತಿ ಕೆಲಸದಲ್ಲಿ ನಿಮ್ಮನ್ನ ಇಟ್ಕೊಳ್ಳೋಕೆ ಆಗಲ್ಲ ಆಮೇಲೆ."

"ಗೊತ್ತಿದೆ ಸರ್."

ಮಾತು ಅಲ್ಲಿಗೆ ಮುಗಿಯಿತು. ಮಾರನೆಯ ದಿನ ಹ್ಯಾಂಗರಿನಲ್ಲಿ ಎಲ್ಲ ಪಾಳಿಯವರನ್ನೂ ಸೇರಿಸಿ, ನನ್ನ ತಂದೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮೇಷ್ಟ್ರು ತಾವೇ ಹೇಳಿದರು. ತಾವು ಕಲಿಸಿದ ಒಂದು ಮಾತು ತಪ್ಪು, ತಮ್ಮಿಂದ ಕಲಿತ ಎಲ್ಲರೂ ಇಂದಿನಿಂದ ಅದನ್ನು ಮರೆಯಬೇಕು, ಇಂಜಿನ್ ಹಾಳಾದದ್ದು ಈ ಮನುಷ್ಯನ ತೂಕದಿಂದಲ್ಲ, ತಮ್ಮ ಹಟದಿಂದ ಎಂದರು. ತೊದಲು ಮಾತಿನ ಆ ಮೆಕ್ಯಾನಿಕ್ ಮುಂದೆ ನಿಂತಿದ್ದರಂತೆ. ಮೇಷ್ಟ್ರು ನಡುವೆ ಮಾತು ಕಟ್ಟಿ ನಿಂತಾಗ ಅವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರಂತೆ, ಮಾತು ಮುಗಿಯುವವರೆಗೆ. ಅಪ್ಪ ಅಂದೇ ಕೆಲಸಕ್ಕೆ ಮರಳಿದರು. ಮೇಷ್ಟ್ರು ತರಬೇತಿ ಕೋಣೆ ಬಿಟ್ಟು ಚಕ್ರ ಮತ್ತು ಬ್ರೇಕುಗಳ ವಿಭಾಗಕ್ಕೆ ಹೋದರು. ಬಡ್ತಿ ತಪ್ಪಿತು, ಅವರ ಕೈಕೆಳಗೆ ಕಲಿತವರೇ ಅವರಿಗೆ ಮೇಲಧಿಕಾರಿಗಳಾದರು. ಅಲ್ಲಿ ಅವರು ಗೊಣಗಿದ್ದನ್ನು ಯಾರೂ ಕೇಳಲಿಲ್ಲ. ವಿಮಾನ ಇಳಿದ ಕೂಡಲೇ ಬ್ರೇಕು ಬಿಚ್ಚಲು ಹೋದ ಹುಡುಗರಿಗೆ ಅಲ್ಲಿಯೂ 'ಆರಲಿ' ಎನ್ನುತ್ತಿದ್ದರೆಂಬುದು ಮಾತ್ರ ಪ್ರಸಿದ್ಧವಾಗಿದೆ.

ಕೆಲವು ವರ್ಷಗಳ ಮೇಲೆ ಅವರನ್ನು ತರಬೇತಿಗೆ ಮರಳಿ ಕರೆಸಬೇಕೆಂದು ಹ್ಯಾಂಗರಿನವರೆಲ್ಲ ಚೀಫ್ ಇಂಜಿನಿಯರರ ಬಳಿಗೆ ಹೋದಾಗ ಮುಂದೆ ನಿಂತು ಮಾತಾಡಿದವರು ನನ್ನ ತಂದೆ. ಅಪ್ಪನಿಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ. "ತಪ್ಪು ಮಾಡದೇ ಇರೋರನ್ನ ಹುಡುಕ್ತಾ ಕೂತ್ರೆ ಮಕ್ಕಳಿಗೆ ಕಲಿಸೋರು ಯಾರೂ ಸಿಗಲ್ಲ ಸರ್," ಎಂದಷ್ಟೇ ಹೇಳಿ ಹಿಂದೆ ಸರಿದರಂತೆ. ಹಾಗೆ ಮರಳಿ ಬಂದ ಮೇಷ್ಟ್ರ ತಂಡವೊಂದರಲ್ಲಿ ನಾನು ಶಿಷ್ಯೆಯಾಗಿ ಸೇರಿದೆ. ಮೊದಲ ತರಗತಿಯಲ್ಲಿ ಅವರು ಇಂಜಿನ್ನಿನ ಭಾಗಗಳ ಬಗ್ಗೆ ಹೇಳಲಿಲ್ಲ, ನಿಯಮಗಳ ಬಗ್ಗೆ ಹೇಳಲಿಲ್ಲ. ಈ ಕಥೆಯನ್ನು ಹೇಳಿದರು. ತಮ್ಮ ಹೆಸರು ಹಿಡಿದು, ನನ್ನ ತಂದೆಯ ಹೆಸರು ಹಿಡಿದು, ನನ್ನ ಎದುರಿಗೇ. ನನಗೆ ಮುಜುಗರವಾದೀತೆಂದು ಒಂದು ಮಾತನ್ನೂ ಮೃದು ಮಾಡಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಬಂದ ಪ್ರತಿ ತಂಡಕ್ಕೂ ಮೊದಲ ಪಾಠ ಅದೇ ಆಗಿದೆ. ಹೊಸಬರು ಮೊದಲು ನಗುತ್ತಾರೆ, ನಡುವೆ ಸುಮ್ಮನಾಗುತ್ತಾರೆ. ಆಮೇಲೆ ಪುಸ್ತಕದ ಸಣ್ಣ ಅಕ್ಷರಗಳನ್ನು ಓದಲು ಕಲಿಯುತ್ತಾರೆ.

ಈಗ ಅವರು ಹೋಗುತ್ತಿದ್ದಾರೆ. ಮೇಜು ಖಾಲಿ ಮಾಡುತ್ತಿದ್ದ ಆ ದಿನ ನನಗೆ ಹೇಳಿದ ಇನ್ನೊಂದು ಮಾತು ಇದು: "ಮೊದಲ ಪಾಠ ಇನ್ಮೇಲೆ ನೀನು ಹೇಳಬೇಕು." ನಾನು ಒಪ್ಪಲಿಲ್ಲ. ಗುರುಗಳ ತಪ್ಪನ್ನು, ಅದೂ ನನ್ನ ತಂದೆಗೆ ಆದ ಅನ್ಯಾಯವನ್ನು, ವರ್ಷವರ್ಷವೂ ಹೊಸಬರ ಮುಂದೆ ನಾನು ಹೇಗೆ ಹೇಳಲಿ? ಹೇಳಿದರೆ ದ್ವೇಷದಂತೆ ಕೇಳಿಸುತ್ತದೆ, ಬಿಟ್ಟರೆ ಪಾಠವೇ ಹೋಗುತ್ತದೆ. ಮನೆಗೆ ಹೋಗಿ ಅಪ್ಪನನ್ನು ಕೇಳಿದೆ. ಅವರಿಗೆ ಈಗ ವಯಸ್ಸಾಗಿದೆ, ಕೈ ನಡುಗುತ್ತದೆ, ಲೋಟ ಹಿಡಿಯುವಾಗ ಎರಡೂ ಕೈ ಬೇಕು. ಅವರು ಸ್ವಲ್ಪ ಯೋಚಿಸಿ ಹೇಳಿದರು:

"ಹೇಳು. ಆದ್ರೆ ಅವರು ನನ್ನ ಕೆಲಸ ಉಳಿಸಿಕೊಟ್ರು ಅಂತ ಹೇಳಬೇಡ. ಕೆಲಸ ಇಲ್ಲಿಲ್ಲದಿದ್ರೆ ಇನ್ನೊಂದು ಕಡೆ ಸಿಗ್ತಿತ್ತು. ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿತ್ತು. ಅದನ್ನ ಮನೆ ತನಕ ತಂದುಕೊಟ್ರು ಅಂತ ಹೇಳು. ಅದನ್ನ ಅವರೊಬ್ಬರೇ ಕೊಡಬಹುದಾಗಿತ್ತು."

ಹೀಗೆ ಅಪ್ಪನಿಂದ ಅನುಮತಿ, ಮೇಷ್ಟ್ರಿಂದ ಅಪ್ಪಣೆ, ಎರಡೂ ದೊರೆತ ಮೇಲೆ ನಾನು ಒಪ್ಪಿಕೊಂಡಿದ್ದೇನೆ. ಮುಂದಿನ ತಂಡದ ಮೊದಲ ಪಾಠ ನನ್ನದು. ಪೂಜ್ಯ ಮೇಷ್ಟ್ರಿಗೆ ದೀರ್ಘಾಯುರಾರೋಗ್ಯಗಳು ಲಭಿಸಲಿ, ಅವರ ಕಣ್ಣು ಕಿವಿಗಳು ಚುರುಕಾಗಿರಲಿ ಎಂದು ಎ‌ಲ್ಲರ ಜೊತೆ ನಾನೂ ಮನಸಾರೆ ಹಾರೈಸುತ್ತೇನೆ. ಆದರೆ ನನ್ನ ಹಾರೈಕೆಯಲ್ಲಿ ಸ್ವಾರ್ಥವೂ ಇದೆ. ಪ್ರತಿ ವರ್ಷ ಆ ಒಂದು ದಿನ ಅವರು ತರಬೇತಿ ಕೋಣೆಗೆ ಬಂದು, ಮೊದಲ ಸಾಲಿನಲ್ಲಿ ನನ್ನ ತಂದೆಯ ಪಕ್ಕದಲ್ಲಿ ಕೂರಬೇಕು. ನಾನು ಎಲ್ಲಿಯಾದರೂ ಗುರುವಿನ ಮೇಲಿನ ಅಭಿಮಾನದಿಂದ ಅವರ ತಪ್ಪನ್ನು ಸಣ್ಣದು ಮಾಡಿ ಹೇಳಿದರೆ, ಎದ್ದು ನಿಂತು ನನ್ನನ್ನು ತಿದ್ದಬೇಕು.